ಟಕ್ ಅಂತಾ?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ಸದ್ದು ಬಲ್ಲವನಿಗೆ ಹೆಂಡತಿಯ ಹೆದರಿಕೆಯಿಲ್ಲ. ಗಾದೆಗೆ ಈ ಮೂರನೇ ಚಕ್ರ ಜೋಡಿಸಿದವನು ಒಬ್ಬ ಬೈಕ್ ಮೆಕ್ಯಾನಿಕ್. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತಾರೆ. ಇವನ ಗಾದೆ ಸುಳ್ಳಾಯಿತು, ಕಥೆ ಮಾತ್ರ ನಿಜ.

ಆ ಸಂಜೆ ಅವನ ಹೆಂಡತಿ ಹೊಲಿಗೆ ಮಿಶನ್ನಿನ ಮುಂದೆ ಕೂತು ಯಾರದೋ ಅಂಗಿಗೆ ತೋಳು ಕೂರಿಸುತ್ತಿದ್ದಳು. ಹಿತ್ತಿಲ ಕಡೆಯಿಂದ ಕಿಕ್ಕರ್ ತುಳಿದ ಸದ್ದು ಬಂತು. ಒಂದು ತುಳಿತಕ್ಕೆ ಕೆಮ್ಮು. ಇನ್ನೊಂದಕ್ಕೆ ಉಬ್ಬಸ. ಮೂರನೆಯದಕ್ಕೆ ಡುಗ್ ಡುಗ್ ಡುಗ್ ಎಂದು ಹತ್ತಿಕೊಂಡಿತು. ಮೂರು ಸಲ ಒದೆಸಿಕೊಳ್ಳದೆ ಏಳದ ಚಾಳಿ ಇದ್ದದ್ದು ಅವರ ಮನೆಯ ಬೈಕಿಗೆ ಮಾತ್ರ. ಪೆಡಲಿನ ಮೇಲಿದ್ದ ಅವಳ ಕಾಲು ಅಲ್ಲೇ ನಿಂತಿತು.

ಆ ಬೈಕು ಸದ್ದು ಮಾಡಿ ಎಷ್ಟೋ ತಿಂಗಳಾಗಿತ್ತು. ಮುಂಚೆಯಾದರೆ ಇದು ದಿನಬೆಳಗಿನ ಪಾಠ. ಇವಳು ಮಿಶನ್ ಬಿಟ್ಟು ಏಳದೆ ಕೂಗುವಳು: "ಹೆಲ್ಮೆಟ್ ಪಟ್ಟಿ ಹಾಕಿದ್ರಾ?" ಬಾಗಿಲಾಚೆಯಿಂದ "ಹಾಕ್ದೆ ಕಣೇ." "ಟಕ್ ಅನ್ಲೇ ಇಲ್ವಲ್ರೀ?" ಆಮೇಲೆ ಟಕ್. ಅದು ಕಿವಿಗೆ ಬಿದ್ದ ಮೇಲೇ ಇವಳ ಮಿಶನ್ ಓಡುತ್ತಿದ್ದುದು. ಕೊನೆಯ ದಿನವೂ ಟಕ್ ಅಂದಿತ್ತು. ತಿರುವಿನಲ್ಲಿ ಮರಳಿಗೆ ಚಕ್ರ ಜಾರಿತು. ಹೆಲ್ಮೆಟ್ಟು ರಸ್ತೆಯಾಚೆ ಚರಂಡಿಯಲ್ಲಿ ಒಂದು ಗೀರೂ ಇಲ್ಲದೆ ಸಿಕ್ಕಿತು. ಗೀರೆಲ್ಲ ತಲೆಗೇ ಆಗಿತ್ತು. "ಪಟ್ಟಿ ಹಾಕಿರ್ಲಿಲ್ಲಮ್ಮ" ಎಂದರು ಡಾಕ್ಟರು. "ಹಾಕಿದ್ರು ಸಾರ್, ನಾನೇ ಕಿವಿಯಾರೆ ಕೇಳಿದೀನಿ!" ಎಂದು ಅವರ ಜೊತೆಗೇ ಜಗಳಕ್ಕೆ ನಿಂತಿದ್ದಳು.

ಕಾಲೇನೋ ಕೂಡಿತು, ಗೋಡೆ ಹಿಡಿದು ಓಡಾಡುವಷ್ಟು. ನಾಲಿಗೆ ಕೂಡಲಿಲ್ಲ. ಅತ್ತೆಯ ದನಿಯಲ್ಲಿ "ಏನೇ, ಮಗಳೇ, ಬಾಗಿಲು ತೆಗಿಯೇ" ಎಂದು ಹೆಂಡತಿಯನ್ನು ಓಡಿಸಿದವನು, ಕುಕ್ಕರಿನ ಹಾಗೆ ಸೀಟಿ ಹೊಡೆದು ಅಕ್ಕಿ ಬೇಯುವ ಮೊದಲೇ ಅವಳ ಕೈಯಲ್ಲಿ ಒಲೆ ಆರಿಸಿದವನು, ಈಗ "ನೀರು", "ಸಾಕು" ಅನ್ನುವುದಕ್ಕೇ ಬೆವರುತ್ತಿದ್ದ. ಮಾತು ಕಲಿಸಲು ಬಂದ ಟೀಚರಮ್ಮ "ತುಟಿ ಸೇರಿಸಿ ಬುರ್ರ್ ಅನ್ನಿ" ಅಂದರೆ ಗೋಡೆಗೆ ಮುಖ ಮಾಡಿಬಿಡುತ್ತಿದ್ದ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗೆಲ್ಲ ಇವಳು ಮೊದಲು ಇಣುಕುವುದು ಗಂಡನ ಕೋಣೆಗೆ. ಕೂಗಿದ್ದು ಪ್ರತಿಸಲವೂ ಕುಕ್ಕರೇ. ಅನ್ನ ತಳ ಹಿಡಿಯುತ್ತಿತ್ತು.

ಕೊರಳಲ್ಲಿ ಟೇಪು, ಕೈಯಲ್ಲಿ ಕತ್ತರಿ, ಅವಳು ಹಿತ್ತಿಲಿಗೆ ಧಾವಿಸಿದಳು. "ಕಾಲು ನೆಟ್ಟಗಿಲ್ಲ, ತಲೆ ಮೇಲೆ ಹೆಲ್ಮೆಟ್ಟಿಲ್ಲ, ಎಲ್ಲಿಗ್ರೀ ಹೊರಟಿದ್ದು ಸವಾರಿ? ಇಳೀರಿ ಕೆಳಗೆ!"

ಶೆಡ್ಡಿನಲ್ಲಿ ಬೈಕು ಹಳೇ ಹೊದಿಕೆ ಹೊದ್ದು, ಸೊಟ್ಟ ಹ್ಯಾಂಡಲನ್ನು ಗೋಡೆಗೆ ಒರಗಿಸಿಕೊಂಡು ನಿಂತಿತ್ತು. ಸೀಟಿನ ಮೇಲೆ ಮಲಗಿದ್ದ ಬೆಕ್ಕು ಒಂದೇ ಕಣ್ಣು ತೆರೆದು ಇವಳನ್ನು ನೋಡಿತು. ಡುಗ್ ಡುಗ್ ಮಾತ್ರ ನಿಂತಿರಲಿಲ್ಲ. ಅದು ಬರುತ್ತಿದ್ದುದು ಬೆನ್ನ ಹಿಂದಿನಿಂದ, ಹಿತ್ತಿಲಿಗೆ ತೆರೆದಿದ್ದ ಕೋಣೆಯ ಕಿಟಕಿಯಿಂದ.

ಒಳಗೆ ಮಂಚದ ಮೇಲೆ ಅವನು ಕೂತಿದ್ದ. ತುಟಿ ಉಬ್ಬಿತ್ತು, ಗಲ್ಲವೆಲ್ಲ ಎಂಜಲು, ಬಲ ಮುಷ್ಟಿ ಗಾಳಿಯಲ್ಲಿ ಆಕ್ಸಿಲರೇಟರ್ ತಿರುಗಿಸುತ್ತಿತ್ತು. ಇವಳನ್ನು ಕಂಡವನೇ ಗೇರು ಬದಲಾಯಿಸಿದ.

"ಯಾವಾಗ ಕಲಿತ್ರಿ?" ಎನ್ನುತ್ತ ಅವಳು ಕೋಣೆಯೊಳಗೆ ನುಗ್ಗಿದಳು.

"ನೀನು... ಮಾರ್ಕೆಟ್ಟಿಗೆ... ಹೋದಾಗ."

"ಬೆಕ್ಕಿಗೆ ಬೈದು ಬಂದೆ ಕಣ್ರೀ ನಾನು!"

"ಕೇ...ಳಿಸ್ತು."

ಅವನು ಎಂಜಿನ್ ಆರಿಸಿದ. ಬೆರಳನ್ನು ಗದ್ದದ ಕೆಳಗಿಟ್ಟುಕೊಂಡು, ಅವಳನ್ನೇ ನೋಡುತ್ತ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟ. ಟಕ್.

ಅದೇ ಟಕ್. ಕಿವಿಯಾರೆ ಕೇಳಿದ್ದೇನೆಂದು ಡಾಕ್ಟರ ಜೊತೆ ಅವಳು ಜಗಳವಾಡಿದ್ದ ಟಕ್. ಕತ್ತರಿ ಹಿಡಿದ ಕೈ ಹಾಗೇ ನಿಂತಿತು.

"ದಿನಾನೂ ಬಾಯಲ್ಲೇನಾ?"

"ದಿ...ನಾ." ಅವನು ತಲೆ ತಗ್ಗಿಸಿದ.

ಮೊದಲು ಅವಳ ಭುಜ ಕುಲುಕಿತು. ಅಳುತ್ತಾಳೆಂದು ಅವನು ಕೈ ಚಾಚುವಷ್ಟರಲ್ಲಿ ನಗು ಒಡೆಯಿತು. ಪಕ್ಕದ ಮನೆಗೂ ಕೇಳುವಂಥ, ಹೊಟ್ಟೆ ಹಿಡಿದು ನೆಲಕ್ಕೆ ಕೂರಿಸುವಂಥ ನಗು. ಅವನೂ ಅರ್ಧ ಬಾಯಲ್ಲಿ ನಕ್ಕ. ನಗುತ್ತಲೇ ಅವಳು ಎದ್ದು, ಬೀರುವಿನ ಮೇಲಿಂದ ಗೀರಿಲ್ಲದ ಹೆಲ್ಮೆಟ್ ಇಳಿಸಿ, ಧೂಳು ಕೊಡವಿ, ಅವನ ತಲೆಗೆ ಹಾಕಿದಳು. ಪಟ್ಟಿ ಎಳೆದು ತಾನೇ ಸಿಕ್ಕಿಸಿದಳು. ಟಕ್. ಬೆರಳು ತೂರಿಸಿ ಜಗ್ಗಿ ನೋಡಿದಳು.

"ಹೂಂ, ಈಗ ಹೊರಡಿ" ಎಂದು ಮಂಚದ ಮೇಲೆ ಅವನ ಹಿಂದೆ ಹತ್ತಿ ಕೂತು ಸೊಂಟ ಹಿಡಿದಳು. ಬೈಕು ಮೂರನೇ ಕಿಕ್ಕಿಗೆ ಹತ್ತಿಕೊಂಡಿರಬೇಕು. ಅವಳ ನಗುವಿನಲ್ಲಿ ಕೇಳಿಸಲಿಲ್ಲ.