ತನ್ನ ನೀರು ಹೊತ್ತ ಎಂಜಿನ್

ಬಿಸಿ ಎಣ್ಣೆಗೆ ಹಬೆ ಬೆರೆತ ವಾಸನೆ ಎಲ್ಲಿ ಬಂದರೂ ನನಗೆ ಈಗಲೂ ಪರದೇಶದಲ್ಲಿ ನಾವಿದ್ದ ಹೇವರ್ಡ್‌ನ ಆ ಗ್ಯಾರೇಜು ನೆನಪಾಗುತ್ತದೆ.

ಧಾರವಾಡದಿಂದ ಬಂದಿದ್ದ ಅಜ್ಜಿ ಬಹಳ ಮಡಿ. ಪರರ ಮನೆಯ ನೀರು ಮುಟ್ಟುತ್ತಿರಲಿಲ್ಲ. ಎಲ್ಲಿಗೆ ಹೋದರೂ ಹಿತ್ತಾಳೆ ತಂಬಿಗೆಯಲ್ಲಿ ತನ್ನ ನೀರು ತಾನೇ ಒಯ್ಯುತ್ತಿದ್ದಳು. ಅಪ್ಪ ಅಮ್ಮ ಆಫೀಸಿನಲ್ಲಿದ್ದ ಒಂದು ಮಧ್ಯಾಹ್ನ, ಹೆಂಡತಿ ತೀರಿಕೊಂಡು ಒಬ್ಬನೇ ಇದ್ದ ಪಕ್ಕದ ಮನೆಯ ಐರಿಷ್ ಮುದುಕ ಅಜ್ಜಿಯನ್ನೂ ನನ್ನನ್ನೂ ತನ್ನ ಗ್ಯಾರೇಜಿಗೆ ಕರೆದ. ತನ್ನೂರಿನ ಹಳ್ಳಿ ರೈಲಿನ ಉಗಿ ಎಂಜಿನ್ನಿನ ಮಾದರಿಯೊಂದನ್ನು ಗ್ಯಾರೇಜಿನ ನೆಲದಲ್ಲಿ ಹಳಿ ಜೋಡಿಸಿ ಓಡಿಸಿದ. ಅಂಥ ನಿಜವಾದ ಎಂಜಿನ್ ಈಗ ಒಂದೂ ಉಳಿದಿಲ್ಲವಂತೆ.

"ಅಜ್ಜಿ, ಎರಡು ಸೈಡಲ್ಲೂ ಟ್ಯಾಂಕಿದೆ. ಅದ್ರ ನೀರನ್ನ ಅದೇ ಕ್ಯಾರಿ ಮಾಡುತ್ತಂತೆ," ಎಂದೆ.

"ಹಂಗಾರ ಇದೂ ನನ್ನಂಗ. ಒಬ್ಬಂಟಿ ತಿರಗತದ, ಪಾಪ," ಎಂದಳು ಅಜ್ಜಿ.

ನೀರು ತೀರಿ ಎಂಜಿನ್ ನಿಂತಿತು. ಮುದುಕ ಏಳುವ ಮೊದಲೇ ಅಜ್ಜಿ ಬಗ್ಗಿ, ತಂಬಿಗೆಯಿಂದ ಸಣ್ಣ ಧಾರೆಯಾಗಿ ಟ್ಯಾಂಕಿಗೆ ನೀರು ಸುರಿದಳು. ಅದು ಮತ್ತೆ ಓಡಿತು. ಹಾಗೆ ನಿಂತಾಗಲೆಲ್ಲ ಸುರಿದು ಸುರಿದು ತಂಬಿಗೆ ಬರಿದಾಯಿತು.

ಎಂಜಿನ್ ತಣ್ಣಗಾಗುವ ಹೊತ್ತಿಗೆ ಅಜ್ಜಿಗೆ ಬಾಯಾರಿತ್ತು. ನಮ್ಮ ಮನೆ ಬೇಲಿಯಾಚೆಯೇ ಇತ್ತು, ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಅವಳು ಏಳಲಿಲ್ಲ. ಖಾಲಿ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಹೇಳಿದಳು: "ಅವರ ಮನಿ ನೀರು ಒಂದಿಷ್ಟು ಇಸ್ಕೊಂಡು ಬಾ."