ಯಾರ ಮಾತೂ ಕೇಳದವನು

“ಇವನು ಯಾರ ಮಾತೂ ಕೇಳೋದಿಲ್ಲ ಸ್ವಾಮಿ, ಮೊದಲೇ ಹೇಳಿಬಿಡ್ತೀನಿ. ಆಮೇಲೆ ಲಾಯದವನು ಬಾಯಿ ಬಿಡಲಿಲ್ಲ ಅಂತ ನನ್ನ ಮೇಲೆ ಹಾಕಬೇಡಿ.”

ಇಷ್ಟು ಹೇಳಿ ಲಾಯದ ಮುದುಕ ಸುತ್ತು ಬಳಸಿ ಮರಿಯ ಮುಖದೆದುರಿಗೇ ಬಂದ. ಆಮೇಲೆ ಅದರ ಹೆಗಲ ಮೇಲೆ ಕೈಯಿಟ್ಟ. ಒಂದೂವರೆ ವರ್ಷದ ಗಂಡು ಕುದುರೆಮರಿ. ಕಂದು ಮೈ, ಹಾಲಿನ ಪಾತ್ರೆಯಲ್ಲಿ ಕಣ್ಣಿನವರೆಗೂ ಮುಳುಗಿಸಿ ತೆಗೆದಂಥ ಬಿಳಿ ಮುಖ. ಯಾರ ಮಾತೂ ಕೇಳದ ಆ ಪ್ರಾಣಿ ಮುದಿ ಹಸುವಿನ ಹಾಗೆ ತೆಪ್ಪಗೆ ನಿಂತಿತ್ತು.

“ಅದಕ್ಕೇ ಅಲ್ವಾ ಇವನು ನಮಗೆ ಬೇಕಾಗಿರೋದು,” ಎಂದರು ಅತ್ತಿಗೆ. “ಮಾತು ಕೇಳದವರನ್ನ ಸಾಕೋದು ನನಗೇನೂ ಹೊಸದಲ್ಲ.” ಮೈದುನನ ಕಡೆ ನೋಡಿ ಹುಬ್ಬು ಹಾರಿಸಿದರು. ಮುದುಕ ಕಿಸಕ್ಕನೆ ನಕ್ಕ.

ಮೈದುನ ನಗಲಿಲ್ಲ. ಅವನದು ಗಡಿಯಾರ ರಿಪೇರಿಯ ಅಂಗಡಿ. ಟಿಕ್‌ಟಿಕ್ ಕೇಳಿಯೇ ಒಳಗೆ ಯಾವ ಚಕ್ರದ ಹಲ್ಲು ಸವೆದಿದೆ ಎಂದು ಹೇಳಬಲ್ಲ ಕಿವಿ. ಅಂದು ಬೆಳಗ್ಗೆಯಷ್ಟೇ ಪರಿಚಯವಾದವರು ಹೀಗೆ ನಗುವುದಿಲ್ಲ ಎಂದು ಆ ಕಿವಿ ಅವನಿಗೆ ಹೇಳಿತು.

ಹರಾಜಿನಲ್ಲಿ ಕೊಳ್ಳಲು ಬಂದವರು ಇವರಿಬ್ಬರೇ ಆದರೂ ಪಾಲು ನಾಲ್ವರದು. ಬೇಕರಿಯವನೂ ಔಷಧದಂಗಡಿಯವನೂ, ಅಕ್ಕನ ಕಣ್ಣೇ ನಮ್ಮ ಕಣ್ಣು ಎಂದು ಹಿಂದೆ ಉಳಿದಿದ್ದರು. ಹೋದ ಸಲ ಕೊಂಡ ಹೆಣ್ಣುಮರಿ ಮೊದಲ ಪಂದ್ಯದ ದಿನವೇ ಜನರ ಕೂಗಾಟಕ್ಕೆ ಬೆದರಿ, ಬೇಲಿ ಹಾರಿ, ಕಾಲು ಮುರಿದುಕೊಂಡಿತ್ತು. ಇದೊಂದು ಸಲ ನೋಡೋಣ, ಇದೂ ಕೈಕೊಟ್ಟರೆ ಕುದುರೆಯ ಸಹವಾಸವೇ ಬೇಡ ಎಂದು ನಾಲ್ವರೂ ಒಪ್ಪಿದ್ದರು. ಅತ್ತಿಗೆಗೆ ಅರವತ್ತೆಂಟು. ಗೆಲ್ಲದಿದ್ದರೆ ಬೇಡ, ತಮ್ಮ ಕುದುರೆ ಒಂದೇ ಒಂದು ಸಲ ಪೂರ್ತಿ ಓಡುವುದನ್ನು ಕಣ್ಣಾರೆ ನೋಡಿದರೆ ಸಾಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು.

ತಲೆಗೆ ಹುಳ ಬಿಟ್ಟವನು ಔಷಧದಂಗಡಿಯವನು. ತುಂಟ ಮರಿಗಳಿಗೆ ಮದ್ದು ಕುಡಿಸಿ ಸಾಧು ಮಾಡಿ ಮಾರುತ್ತಾರಂತೆ. ಮದ್ದು ಇಳಿಯುವ ಹೊತ್ತಿಗೆ ಒದೆ ತಿನ್ನುವವನು ಕೊಂಡವನಂತೆ. ಒಂದು ಕಣ್ಣಿಟ್ಟಿರು ಎಂದಿದ್ದ.

ಇಟ್ಟ ಕಣ್ಣಿಗೆ ಬೆಳಗ್ಗೆಯೇ ಒಂದು ಸಂಗತಿ ಬಿದ್ದಿತ್ತು. ಅತ್ತಿಗೆ ಅವನಿಗಿಂತ ಮೊದಲೇ ಲಾಯಕ್ಕೆ ಹೋಗಿದ್ದರು. ಅವನು ಬಾಗಿಲಿಗೆ ಬರುವಾಗ ಅವರು ಮರಿಯ ಹಿಂದೆ ನಿಂತು, ಕಬ್ಬಿಣದ ಬಕೆಟ್ಟನ್ನು ಬೇಕೆಂದೇ ಕಲ್ಲುನೆಲದ ಮೇಲೆ ಬಿಟ್ಟರು. ಅಕ್ಕಪಕ್ಕದ ಕುದುರೆಗಳು ಬೆದರಿ ಹಲಗೆಗೆ ಒದ್ದವು. ಬಿಳಿಮುಖದ್ದು ಹುಲ್ಲು ಜಗಿಯುತ್ತಲೇ ಇತ್ತು. ಅತ್ತಿಗೆಯೂ ಮುದುಕನೂ ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು. ಮದ್ದು ಹಿಡಿದಿದೆಯೋ ಇಲ್ಲವೋ ಎಂದು ನೋಡಿದ್ದು, ಇನ್ನೇನು?

ಎಂಟನೆಯ ವಯಸ್ಸಿನಲ್ಲಿ ತಾಯಿ ಸತ್ತಾಗಿನಿಂದ ತನಗೆ ತುತ್ತಿಟ್ಟ ಕೈ ಅತ್ತಿಗೆಯದು. ಆ ಕೈ ಈ ಮುದುಕನ ಕೈಯೊಂದಿಗೆ ಸೇರಿದೆ ಎಂದು ನಂಬಲು ಮನಸ್ಸಿಲ್ಲ. ನಂಬದಿರೋಣವೆಂದರೆ ಬಕೆಟ್ಟಿನ ಸದ್ದು ಕಿವಿ ಬಿಟ್ಟು ಹೋಗುತ್ತಿಲ್ಲ.

ಹರಾಜಿನ ಮನೆಯಲ್ಲಿ ನಂಬರಿನ ಹಲಗೆ ಅವನ ಕೈಯಲ್ಲಿತ್ತು. ಪಾಲುದಾರರ ಪರವಾಗಿ ಹೆಸರು ಬರೆಸಿದವನು ಅವನೇ. ಸುತ್ತಿಗೆ ಬಿದ್ದಾಗಲೆಲ್ಲ ಆಗ ಹರಾಜಿಗೆ ನಿಂತಿದ್ದ ಮರಿ ಬೆಚ್ಚಿ ಹಗ್ಗ ಜಗ್ಗುತ್ತಿತ್ತು. ಬಿಳಿಮುಖದ್ದರ ಸರದಿ ಬಂತು. ಗದ್ದಲ ಅಡಗಿಸಲು ಹರಾಜುಗಾರ ಮೂರು ಸಲ ಸುತ್ತಿಗೆ ಕುಟ್ಟಿದ. ಮರಿ ರೆಪ್ಪೆ ಕೂಡ ಬಡಿಯಲಿಲ್ಲ.

ಅವನು ಮರಿಯ ಎದುರು ನಿಂತಿದ್ದ ಮುದುಕನ ಕೈಯನ್ನೇ ನೋಡುತ್ತಿದ್ದ. ತೊಡೆಯ ಪಕ್ಕದಲ್ಲಿ ಅಂಗೈ ಬಿಚ್ಚಿತು. ಅದೇ ಗಳಿಗೆಗೆ ಅತ್ತಿಗೆ ಮೊಣಕೈಯಿಂದ ತಿವಿದರು. ಹಲಗೆ ಎತ್ತಿದ. ಮುದುಕನ ಬೆರಳು ಮಡಚಿತು. ಮತ್ತೆ ತಿವಿತ. ಮತ್ತೆ ಎತ್ತಿದ. ಅಂಗೈ ಬಿಚ್ಚುವುದು, ತಿವಿಯುವುದು; ಬೆರಳು ಮಡಚುವುದು, ತಿವಿಯುವುದು. ಗಡಿಯಾರದಂತೆ ತಪ್ಪದೆ ನಡೆಯಿತು.

ಕೊನೆಗೆ ಉಳಿದವರು ಇವರು ಮತ್ತು ಎದುರು ಸಾಲಿನ ಬೂದು ಟೋಪಿಯವನು. ಟೋಪಿಯವನು ಬೆಲೆಯನ್ನು ಇನ್ನೊಂದು ಹೆಜ್ಜೆ ಏರಿಸಿದ.

“ಎತ್ತು,” ಎಂದರು ಅತ್ತಿಗೆ.

ಅವನು ಹಲಗೆಯನ್ನು ತೊಡೆಯ ಕೆಳಗಿಟ್ಟು, ಅದರ ಮೇಲೆ ಕೂತ.

“ಕೇಳಿಸಲಿಲ್ವಾ? ಎತ್ತು.”

“ಕೇಳಿಸ್ತು ಅತ್ತಿಗೆ.”

ಅಷ್ಟೂ ವರ್ಷಗಳಲ್ಲಿ ಅವನು ಅವರ ಮಾತು ಮೀರಿದ್ದು ಅದೇ ಮೊದಲು. ಅವರು ಹಲಗೆಗೆ ಕೈ ಹಾಕಲಿಲ್ಲ, ಅವನ ಮುಖವನ್ನಷ್ಟೇ ನೋಡಿದರು. ಸುತ್ತಿಗೆ ಬಿತ್ತು. ಮರಿ ಬೂದು ಟೋಪಿಯವನದಾಯಿತು.

ಹೊರಗಿನ ಅಂಗಳದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಕೊಂಡವರು ತಮ್ಮ ತಮ್ಮ ಮರಿಗಳನ್ನು ಹತ್ತಿಸುತ್ತಿದ್ದರು. ಅತ್ತಿಗೆ ಕಟ್ಟೆಯ ಮೇಲೆ ಕೂತು ಚಪ್ಪಲಿಗೆ ಅಂಟಿದ್ದ ಹುಲ್ಲು ಬಿಡಿಸುತ್ತಿದ್ದರು. ಬಿಡಿಸಿ ಮುಗಿದರೂ ಬಿಡಿಸುತ್ತಲೇ ಇದ್ದರು. ಇನ್ನು ಒಳಗಿಟ್ಟುಕೊಂಡಿರಲು ಅವನಿಂದಾಗಲಿಲ್ಲ. ಮದ್ದು, ಬಕೆಟ್ಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

“ಮಾತು ಕೇಳದ ಕುದುರೆ ಅಷ್ಟು ಸಾಧುವಾಗಿರೋದು ಹೇಗೆ ಅತ್ತಿಗೆ? ಆ ಮುದುಕ ಸನ್ನೆ ಮಾಡಿದಾಗಲೆಲ್ಲ ನೀವು ನನ್ನನ್ನ ತಿವಿದಿರಿ. ನಾನು ನೋಡಿದೀನಿ.”

ಅತ್ತಿಗೆ ತಲೆಯೆತ್ತಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

“ಆ ಸನ್ನೆಗೆ ಮರಿ ಹೇಗೆ ನಿಲ್ತಿತ್ತು, ಹೇಗೆ ನಡೀತಿತ್ತು ಅಂತ ನೋಡಿ, ಖುಷಿಗೆ ತಿವಿದೆ ಕಣೋ,” ಎಂದರು. “ಅವನು ಬಾಯಿಬಿಟ್ಟು ಹೇಳಿದ. ನಾನೂ ಹೇಳಿದೆ. ನಿನಗೆ ಅರ್ಥ ಆಗಿದೆ ಅಂದುಕೊಂಡೆ.”

ಅಷ್ಟರಲ್ಲಿ ಪಕ್ಕದ ಲಾರಿಯ ಕಬ್ಬಿಣದ ಬಾಗಿಲು ಕಳಚಿ ಧಡಾರನೆ ನೆಲಕ್ಕೆ ಬಿತ್ತು. ಅಂಗಳದ ಕುದುರೆಗಳೆಲ್ಲ ಮುಂಗಾಲೆತ್ತಿ ಕೆನೆದವು, ಜನ ದಿಕ್ಕಾಪಾಲಾದರು. ಬಾಗಿಲಿಗೆ ಎರಡೇ ಮಾರು ದೂರದಲ್ಲಿ ಬೆನ್ನು ಮಾಡಿ ನಿಂತಿದ್ದ ಬಿಳಿಮುಖದ್ದು ಮಾತ್ರ ತಿರುಗಿಯೂ ನೋಡಲಿಲ್ಲ.

ಮುದುಕ ಅದರ ಎದುರಿಗೆ ಬಂದ. ತುಟಿ ಅಲುಗಿಸದೆ, ಆ ಕಿವುಡು ಮರಿಯ ಕಣ್ಣಿಗೆ ಕಾಣುವಂತೆ ಬೆರಳು ಮಡಚಿದ. ಮರಿ ಹೆಜ್ಜೆಯಿಟ್ಟು ಬೂದು ಟೋಪಿಯವನ ಲಾರಿ ಹತ್ತಿತು.