ಹತ್ತಡಿ ರಿಂಗು

ಎಮ್ಮೆಲ್ಲೆ ವಾಣಿಶ್ರೀ ಎಸೆದ ಬಾಲು ರಿಂಗಿಗೂ ತಾಕ್ದೆ, ಬೋರ್ಡಿಗೂ ತಾಕ್ದೆ, ಆಚೆ ಮೋರಿಗೆ ಹೋಗಿ ಬಿತ್ತು. ಹುಲಿಯೂರುದುರ್ಗದ ಹೊಸ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಉದ್ಘಾಟನೆ ಅದು. ಆದ್ರೂ ಜನ ಚಪ್ಪಾಳೆ ಹೊಡೆದ್ರು, ಎಮ್ಮೆಲ್ಲೆ ಅಲ್ವಾ! ಆಯಮ್ಮ ಮಾತ್ರ ತನ್ನ ಕೈನೇ ನೋಡ್ಕೊಂಡ್ಳು. ಕಾಲೇಜು ಟೀಮಿಗೆ ಮೂರು ವರ್ಷ ಆಡಿದ ಕೈ ಸ್ವಾಮಿ, ರಿಂಗು ಇರಬೇಕಾದ ಹತ್ತಡಿ ಎತ್ತರ ಎಲ್ಲಿದೆ ಅಂತ ಕಣ್ಮುಚ್ಚಿದ್ರೂ ಅದಕ್ಕೆ ಗೊತ್ತು.

ಸೀದಾ ರಿಂಗಿನ ಕೆಳಗೆ ಹೋದವ್ಳೇ ಸೆರಗು ಸೊಂಟಕ್ಕೆ ಸಿಗಿಸಿ ಕೈ ಎತ್ತಿದ್ಳು. ಬೆರಳು ಕಬ್ಬಿಣಕ್ಕೆ ತಾಕ್ತು. ಇಪ್ಪತ್ತರಲ್ಲಿ ಎಗರಿ ಎಗರಿ ಬಿದ್ರೂ ಸಿಗದಿದ್ದ ಕಬ್ಬಿಣ, ಐವತ್ತರಲ್ಲಿ ನಿಂತಲ್ಲೇ ಸಿಕ್ಬುಡ್ತು!

"ಏನ್ರೀ ಅನಂತರಾಜು ಇದು?"

ಕಂಟ್ರಾಕ್ಟರ್ ಅನಂತರಾಜು ಹಲ್ಲು ಕಿರಿದ. "ನಿಮ್ ಬಾಲು ಸಲೀಸಾಗಿ ಬೀಳ್ಲಿ ಅಂತ ಎರಡೂವರೆ ಅಡಿ ಇಳಿಸಿ ವೆಲ್ಡಿಂಗ್ ಮಾಡ್ಸಿದೀನಿ ಮೇಡಂ. ಫೋಟೋ ಚೆನ್ನಾಗಿ ಬರ್ತದೆ."

ಟೀಮಿನ ಹುಡುಗೀರು ಪಕ್ಕದಲ್ಲೇ ನಿಂತಿದ್ರು. ಬರೋ ವಾರ ತುಮಕೂರಲ್ಲಿ ಅವ್ರಿಗೆ ಮ್ಯಾಚು.

"ಅಲ್ಲೂ ರಿಂಗು ಇಳಿಸೋಕೆ ಅದೇನ್ ನಿಮ್ಮಪ್ಪನ ಮನೇದಾ? ನನ್ನೊಂದು ಫೋಟೋಗೆ ಈ ಮಕ್ಳು ದಿನಾ ಸುಳ್ಳು ಕಲೀಬೇಕೇನ್ರೀ?"

"ನಾಳೆ ಸರಿ ಮಾಡ್ಸ್ತೀನಿ ಬುಡಿ ಮೇಡಂ. ಈಗ ಹೊರಡಿ, ಗುಬ್ಬಿ ಸಭೇಲಿ ಲೀಡರುಗಳು ಕಾಯ್ತಾವ್ರೆ."

ಆಯಮ್ಮ ಅವನನ್ನ ನೋಡಿದ್ಳು, ಚಪ್ಪಾಳೆ ಹೊಡೆದ ಜನಾನೂ ನೋಡಿದ್ಳು.

"ಏಳು ವರ್ಷದಿಂದ ನಾನು ಟೇಪ್ ಕತ್ತರಿಸಿದ್ದೆಲ್ಲಾ ಹಿಂಗೇನಾ?"

ಅನಂತರಾಜು ಓಡಿಹೋಗಿ ಮೇಡಂ ಕಾರಿನ ಬಾಗಿಲು ತೆಗೆದು ಹಿಡ್ದ.

"ವೆಲ್ಡಿಂಗ್‌ನೋನ್ನ ಕರ್ಸು" ಅಂದವ್ಳೇ, ರೇಷ್ಮೆ ಸೀರೇಲೇ ರಿಂಗಿನ ಕೆಳಗೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತ್ಬುಟ್ಳು.